ಹನ್ನೆರಡು ಅಚ್ಚು ಕರಿ ಬೆಲ್ಲ

ಶಟರು ಬಿತ್ತು.

ಹೊರಗಿನಿಂದ ಬೀಗ ತಿರುಗಿಸಿದ ಸದ್ದೂ ಕೇಳಿಸಿತು.

ಒಳಗೆ ನಾನು. ನನ್ನ ಜೊತೆ ಸೂರಿನವರೆಗೆ ಪೇರಿಸಿಟ್ಟ ಬೆಲ್ಲದ ಅಚ್ಚುಗಳು. ಬೆಲ್ಲದ ಮೇಲೆ ಕಣಜಗಳು. ಅವನ್ನು ಎಣಿಸುವ ಮನಸ್ಸಾಗಲಿಲ್ಲ.

ಕೇಳಿ... ಮಂಡ್ಯದ ಮಂಡಿಯಲ್ಲಿ, ಬೆಲ್ಲದ ಗೋಡೌನಿನೊಳಗೆ ಸಾಯುವುದು ಹೇಗಿರುತ್ತದೆ ಅಂತ ನೀವು ಯೋಚಿಸಿರಲಿಕ್ಕಿಲ್ಲ. ನಾನು ಯೋಚಿಸಿದೆ. ನಾಳೆ ಪೇಪರಿನವರು ಫೋಟೋ ಕೇಳಿಕೊಂಡು ಮನೆಗೆ ಬರುತ್ತಾರೆ. ಮನೆಯಲ್ಲಿರುವುದು ಒಂಬತ್ತನೇ ಕ್ಲಾಸಿನ ಗ್ರೂಪ್ ಫೋಟೋ ಒಂದೇ. ಅದರಲ್ಲಿ ನಾನು ಮುಂದಿನವಳ ಜಡೆಯ ಹಿಂದೆ ಅಡಗಿದ್ದೇನೆ.

ಟೈಮು ಒಂಬತ್ತೂಕಾಲು. ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ನಾನು ಹನ್ನೆರಡು ಅಚ್ಚು ಕರಿ ಬೆಲ್ಲ ಹುಡುಕಬೇಕಿತ್ತು. ಇಲ್ಲದಿದ್ದರೆ ಅರ್ಪಿತ ಕೊಲಂಬಿಯಾಕ್ಕೆ ಹೋಗುವಂತಿರಲಿಲ್ಲ.

ಹೌದು, ಕೊಲಂಬಿಯಾ. ತಾಳಿ, ಹೇಳುತ್ತೇನೆ. ಬೀಗ ತೆಗೆಯುವವರೆಗೆ ಬೇರೆ ಕೆಲಸವೂ ಇಲ್ಲ.

ನನ್ನ ಹೆಸರು ಮಂಜುಶ್ರೀ. ಮಳವಳ್ಳಿ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಅದು ಹೊಟ್ಟೆಪಾಡಿಗೆ. ನಿಜವಾದ ಕೆಲಸ ಬೇರೆ. ಕಳೆದುಹೋದದ್ದನ್ನು ಹುಡುಕುತ್ತೇನೆ. ಮೇಕೆ, ಮೊಬೈಲು, ಪಹಣಿ ಪತ್ರ. ಒಂದು ಸಲ ಮದುವೆ ಗಂಡು.

ನನಗೆ ನಾಚಿಕೆ ಜಾಸ್ತಿ. ಯಾರಾದರೂ ಮುಖ ನೋಡಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಆದರೆ ಈ ದಂಧೆಯಲ್ಲಿ ಅದೇ ನನ್ನ ಪಿಸ್ತೂಲು. ನಾನು ಸುಮ್ಮನೆ ನಿಂತು ನೋಡುತ್ತೇನೆ. ಮಂಡ್ಯ ಜಿಲ್ಲೆಯ ಮನುಷ್ಯ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮೌನ ತಡೆಯಲಾರ. ತಾನಾಗಿ ಬಾಯಿ ಬಿಡುತ್ತಾನೆ. ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳುತ್ತಾನೆ.

ಬೆಳಿಗ್ಗೆ ಏಳಕ್ಕೆ ಅರ್ಪಿತಳ ಫೋನು ಬಂತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಈಗ ಇಂದ್ರಮ್ಮನ ಸೊಸೆ. ಇಂದ್ರಮ್ಮ ಮಹಿಳಾ ಬೆಲ್ಲದ ಸಂಘದ ಅಧ್ಯಕ್ಷೆ. ಸಂಘದ ಆಲೆಮನೆ ಇರುವುದು ಕೆ.ಎಂ. ದೊಡ್ಡಿ ದಾಟಿ ಮಳವಳ್ಳಿ ರಸ್ತೆಯಲ್ಲಿ. ಅಲ್ಲಿ ಕಬ್ಬು ಅರೆಯುವುದರಿಂದ ಹಿಡಿದು ಅಚ್ಚಿಗೆ ಪಾಕ ಸುರಿಯುವವರೆಗೆ ಎಲ್ಲ ಹೆಂಗಸರೇ.

"ಮಂಜು, ಏಳನೇ ನಂಬರ್ ಡಬ್ಬ ಇಲ್ಲ ಕಣೇ," ಅಂದಳು.

ನಾನು ಸುಮ್ಮನಿದ್ದೆ.

"ಹನ್ನೆರಡಕ್ಕೆ ಆಯಮ್ಮ ಬತ್ತಾರೆ. ಕೊಲಂಬಿಯಾದಿಂದ. ಎಂಟು ತಿಂಗ್ಳಿಂದ ಫೋನಲ್ಲಿ ಸ್ಪ್ಯಾನಿಷ್ ಕಲ್ತಿವ್ನಿ. ಹಾಲ್ ಕರೀತಾ ಕಲ್ತಿವ್ನಿ. ಪಾತ್ರೆ ಬೆಳಗ್ತಾ ಕಲ್ತಿವ್ನಿ..."

ಕೊಲಂಬಿಯಾ ಭೂಮಿಯ ಆ ಕಡೆ ಇದೆ. ಅಲ್ಲೂ ಕಬ್ಬು, ಅಲ್ಲೂ ಆಲೆಮನೆ, ಅಲ್ಲೂ ಬೆಲ್ಲ. ಅದಕ್ಕೆ ಪನೇಲ ಅನ್ನುತ್ತಾರೆ. ಅಲ್ಲಿನ ಒಂದು ಸಹಕಾರ ಸಂಘ ನಮ್ಮ ಹೆಂಗಸರ ಜೊತೆ ಒಪ್ಪಂದಕ್ಕೆ ಬಂದಿತ್ತು. ಅವರು ನಮಗೆ ಸೌದೆ ಕಡಿಮೆ ತಿನ್ನುವ, ಹೊಗೆ ಉಗುಳದ ಒಲೆಯ ನಕ್ಷೆ ಕೊಡುತ್ತಾರೆ. ನಮ್ಮ ಬೆಲ್ಲ, ಅವರ ಬೆಲ್ಲ ಒಂದೇ ಪೆಟ್ಟಿಗೆಯಲ್ಲಿ ಹೊರದೇಶಗಳಿಗೆ ಹೋಗುತ್ತದೆ. ಜೊತೆಗೆ ಸಂಘದ ಒಬ್ಬಳಿಗೆ ಅಲ್ಲಿನ ಬೆಲ್ಲದ ಶಾಲೆಯಲ್ಲಿ ಆರು ತಿಂಗಳ ತರಬೇತಿ. ಆ ಸೀಟು ಅರ್ಪಿತಳದು.

"ಆರು ತಿಂಗ್ಳು ಕಣೇ," ಅಂತ ಅವಳು ಹಿಂದೊಮ್ಮೆ ಹೇಳಿದ್ದಳು. "ಆರು ತಿಂಗ್ಳು ‘ಅರ್ಪಿತಾ, ಕಾಪಿ’ ಅಂತ ಯಾರೂ ಕೂಗಲ್ಲ."

ಷರತ್ತು ಒಂದೇ. ಬೆಲ್ಲಕ್ಕೆ ಪುಡಿ ಹಾಕಿರಬಾರದು.

ಪುಡಿ ಅಂದರೆ ಹೈಡ್ರೋಸ್ ಅನ್ನುವ ರಾಸಾಯನಿಕ. ಪಾಕಕ್ಕೆ ಒಂದು ಹಿಡಿ ಹಾಕಿದರೆ ಬೆಲ್ಲ ಬಂಗಾರದ ಹಾಗೆ ಹಳದಿಯಾಗುತ್ತದೆ. ಹಾಕದಿದ್ದರೆ ಕಪ್ಪು. ಕೊಲಂಬಿಯಾದವರಿಗೆ ಬೇಕಾಗಿದ್ದು ಕಪ್ಪು. ಏಳನೇ ನಂಬರ್ ಡಬ್ಬದ ಹನ್ನೆರಡು ಅಚ್ಚು ಬೆಲ್ಲ ಲ್ಯಾಬಿನಲ್ಲಿ ಪಾಸಾಗಿ ಅದರ ರಿಪೋರ್ಟು ಅವರ ಕೈ ಸೇರಿತ್ತು. ಇವತ್ತು ಬರುವ ಅತಿಥಿ ಅದೇ ಬೆಲ್ಲವನ್ನು ನೀರಲ್ಲಿ ಕರಗಿಸಿ ಕಾಗದದ ಪಟ್ಟಿ ಅದ್ದಿ ನೋಡುತ್ತಾರೆ. ಪಟ್ಟಿ ಬೆಳ್ಳಗೆ ಉಳಿದರೆ ಸಹಿ. ಕೆಂಪಾದರೆ ಬಂದ ಕಾರಿನಲ್ಲೇ ವಾಪಸ್.

ಡಬ್ಬ ಕದಿಯುವ ಮನಸ್ಸು ಯಾರಿಗಿತ್ತು? ಮಂಡ್ಯದ ವ್ಯಾಪಾರಿ ರಾಜೇಂದ್ರನಿಗೆ. ಹೋದ ವಾರ ಆಲೆಮನೆಗೆ ಬಂದು, "ಕರೀ ಬೆಲ್ಲ ಫಾರಿನ್‌ಗೆ ಓಯ್ತದಾ? ಓಗ್ಲಿ, ನೋಡ್ತೀನಿ" ಅಂದಿದ್ದ. ಅದಕ್ಕೇ ನಾನು ಅಪ್ಪನ ಟಿವಿಎಸ್ ಎಕ್ಸೆಲ್ ಗಾಡಿ ಹತ್ತಿ ಸೀದಾ ಮಂಡ್ಯಕ್ಕೆ ಬಂದೆ. ಅವನ ಗೋಡೌನಿಗೆ ನುಗ್ಗಿದೆ. ಕೈಯಲ್ಲಿ ನೋಟ್‌ಬುಕ್ಕು ಹಿಡಿದು ಒಂದೊಂದೇ ಸಾಲು ನೋಡುತ್ತಾ ಹೋದೆ.

ಆಗ ಶಟರು ಬಿದ್ದದ್ದು.

"ಯಾರ್ ಕಳ್ಸಿದ್ದು?" ಹೊರಗಿನಿಂದ ರಾಜೇಂದ್ರನ ದನಿ.

ನಾನು ಸುಮ್ಮನಿದ್ದೆ.

"ಮೇಡಂ... ಫುಡ್ ಡಿಪಾರ್ಟ್‌ಮೆಂಟಾ?"

ಒಂದು ಕಣಜ ನನ್ನ ಮೂಗಿನ ತುದಿಯಲ್ಲಿ ಕೂತಿತ್ತು. ಬಾಯಿ ತೆರೆಯುವ ಪರಿಸ್ಥಿತಿಯೇ ಇರಲಿಲ್ಲ.

"ಒಳಗೆ ಮೂಲೇಲಿರೋ ಪುಡಿ ಮೂಟೆ ನಮ್ದಲ್ಲ ಮೇಡಂ. ನನ್ ಬಾಮೈದ ಮಡಗಿರದು."

ಮೌನ.

"ಎರಡು ಮೂಟೆ ನಮ್ದು. ಮಿಕ್ಕಿದ್ದು ಬಾಮೈದಂದು."

ಮೌನ.

"ಆಯ್ತು, ಎಂಟೂ ನಮ್ದೇ. ಬಾಮೈದನೇ ಇಲ್ಲ ನಂಗೆ."

ಕಣಜ ಹಾರಿಹೋಯಿತು. ನಾನು ಒಂದು ಚೂರು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

"ಏನಾದ್ರೂ ಮಾತಾಡಿ ಮೇಡಂ. ಭಯ ಆಯ್ತದೆ."

ಬೀಗ ಹಾಕಿದವನು ನಡುಗುತ್ತಿದ್ದ. ಬೀಗದೊಳಗಿದ್ದವಳು ತಿಂಡಿ ತಿನ್ನುತ್ತಿದ್ದಳು.

ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಬರೆದೆ: ‘ಇಂದ್ರಮ್ಮನ ಕರಿ ಬೆಲ್ಲ ಎಲ್ಲಿ?’ ಶಟರಿನ ಕೆಳಗೆ ತೂರಿಸಿದೆ.

ಬೀಗ ತಿರುಗಿದ ಸದ್ದು. ಆಮೇಲೆ ಶಟರು ಮೇಲೆದ್ದಿತು. ರಾಜೇಂದ್ರ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಥೂ. ಮಳವಳ್ಳಿ ಜೆರಾಕ್ಸ್ ಅಂಗ್ಡಿ ಕೂಸಾ ನೀನು? ಅರ್ಧ ಜೀವ ಓಗಿತ್ತು ಕಣವ್ವ."

ನಾನು ನೋಡುತ್ತಾ ನಿಂತೆ.

"ಅಂಗ್ ನೋಡ್ಬ್ಯಾಡ. ಕರೀ ಬೆಲ್ಲ ಕದ್ದು ನಾನೇನ್ ಮಾಡ್ಲಿ? ನಾಯೀನೂ ಮೂಸಕಿಲ್ಲ ಅದ್ನ. ನಿನ್ನೆ ಸಂಜೆ ನಿಮ್ ಇಂದ್ರಮ್ಮೋರೇ ಫೋನ್ ಮಾಡಿದ್ರು. ‘ರಾಜೇಂದ್ರ, ಒಳ್ಳೆ ಬಂಗಾರದಂತ ಹಳದಿ ಬೆಲ್ಲ ಹನ್ನೆರಡು ಅಚ್ಚು ಕಳುಸ್ಲಾ, ಫಾರಿನ್ನೋರು ಬತ್ತಾವ್ರೆ’ ಅಂತ. ಕಳುಸ್ದೆ."

ನಾನು ನೋಟ್‌ಬುಕ್ಕು ಮುಚ್ಚಿದೆ.

ಕದ್ದವರು ಹೊರಗಿನವರಲ್ಲ. ಅಧ್ಯಕ್ಷರೇ.

"ಪುಡಿ ಮೂಟೆ ವಿಷ್ಯ ಯಾರ್ಗಾದ್ರೂ ಏಳಿದ್ರೆ..." ರಾಜೇಂದ್ರ ಬೆರಳೆತ್ತಿದ.

ನಾನು ಆ ಬೆರಳನ್ನೇ ನೋಡಿದೆ.

"...ನೀನ್ ಏಳೋಳಲ್ಲ ಅಂತ ಗೊತ್ತು ಬುಡು," ಅಂತ ಬೆರಳು ಜೇಬಿಗೆ ಇಳಿಸಿದ.

ಮಂಡಿಯ ಗೇಟಿನಲ್ಲಿ ನಿಂತು ಇಂದ್ರಮ್ಮನಿಗೆ ಫೋನ್ ಹಚ್ಚಿದೆ.

"ಇಂದ್ರಮ್ಮೋರೆ. ಹಳದಿ ಬೆಲ್ಲ ತರಿಸಿದ್ರಂತೆ."

ನನ್ನ ಮಟ್ಟಿಗೆ ಇದು ಭಾಷಣ. ಹೇಳಿ ಮುಗಿಸಿ ಕಾದೆ. ಆ ಕಡೆ ಉಸಿರು ಕೇಳಿಸುತ್ತಿತ್ತು. ಹತ್ತು ಸೆಕೆಂಡು... ಇಪ್ಪತ್ತು... ಗಟ್ಟಿ ಹೆಂಗಸು. ನಲವತ್ತು ಸೆಕೆಂಡು ತಡೆದರು.

"ಊ ಕಣ್ ಕೂಸೆ, ತರಿಸ್ದೆ. ಏನೀಗ? ಅಷ್ಟು ದೂರದಿಂದ ಒಂದ್ ಎಣ್ಮಗಳು ಸಮುದ್ರ ದಾಟ್ಕಂಡು ಬತ್ತಾವ್ಳೆ. ಅವ್ಳ ಮುಂದೆ ಆ ಕರೀ ಮಸಿ ಮಡಗಿ, ‘ಇದೇ ಕಣವ್ವ ನಮ್ಮೂರ್ ಬೆಲ್ಲ’ ಅನ್ಲಾ? ಮಾನ ಮರ್ವಾದಿ ಬ್ಯಾಡ್ವಾ?"

"ಅವ್ರು ಕೇಳಿರೋದೇ ಕರೀದು."

"ಕೇಳ್ತಾರೆ. ಅದು ಅವ್ರ ಒಳ್ಳೇತನ. ನೆಂಟ್ರು ಬಂದು ‘ಏನೂ ಬ್ಯಾಡ, ಒಂದ್ ಲೋಟ ನೀರ್ ಕೊಡಿ’ ಅಂತಾರೆ. ಬರೀ ನೀರ್ ಕೊಟ್ಟು ಕಳುಸ್ತೀಯೇನವ್ವ ನೀನು?"

ನಮ್ಮ ಕಡೆ ಯಾರೂ ಹಾಗೆ ಕಳಿಸುವುದಿಲ್ಲ. ನಾನೂ ಕಳಿಸುವುದಿಲ್ಲ.

"ಪಟ್ಟಿ ಕೆಂಪಾದ್ರೆ ಅರ್ಪಿತನ ಸೀಟ್ ಓಯ್ತದೆ," ಅಂದೆ.

"ಅಂಗಂತ ಯಾರೂ ಏಳ್ಲಿಲ್ವಲ್ಲ?"

"ಮೂರು ಮೀಟಿಂಗಲ್ಲಿ ಏಳಿದ್ರಂತೆ."

"ಮೀಟಿಂಗಲ್ಲಿ ಯಾರವ್ವ ಕೇಳುಸ್ಕತಾರೆ." ಆದರೆ ದನಿ ಇಳಿದಿತ್ತು. "ಈಗ ಎಂಗ್ ಎತ್ಲಿ ಅದ್ನ? ಜಯಪ್ರಕಾಶ ನೋಡಿ ಕುಸಿಯಾಗಿ ಹೂವಿನಾರ ಬೇರೆ ಆಕ್ಬುಟ್ಟು ಓಗವ್ನೆ. ಎಲ್ಲಾರೂ ಫೋಟೋ ತಗಂಡವ್ರೆ. ಎತ್ತುದ್ರೆ ಯಾಕೆ ಅಂತಾರೆ."

ಜಯಪ್ರಕಾಶ ಅವರ ಮಗ, ಅರ್ಪಿತಳ ಗಂಡ. ಅತಿಥಿಯನ್ನು ಕರೆತರಲು ಕಾರು ತಗೊಂಡು ಮದ್ದೂರಿಗೆ ಹೋಗಿದ್ದ.

"ಕರೀದೆಲ್ಲಿ?"

"ಬೆಳಗ್ಗೆ ಬಸಪ್ಪ ಬಂದಿತ್ತು. ಪಾದಕ್ಕೆ ನೀರಾಕಿ, ಡಬ್ಬ ಸಮೇತ ಕೊಟ್ಬುಟ್ಟೆ." ಸ್ವಲ್ಪ ತಡೆದು ಸೇರಿಸಿದರು. "ಎರಡು ಅಚ್ಚು ನನ್ ಮುಂದೇನೇ ತಿಂತು. ಬಾಳ ಇಷ್ಟ ಪಡ್ತು ಕಣ್ ಕೂಸೆ."

ಬಸಪ್ಪ ಅಂದರೆ ದೇವರಿಗೆ ಬಿಟ್ಟ ಬಸವ. ನಮ್ಮ ಕಡೆ ಮನೆ ಕಟ್ಟುವುದು, ಬೋರ್ ಹಾಕಿಸುವುದು, ಅಣ್ಣತಮ್ಮಂದಿರ ಜಗಳ ಎಲ್ಲ ಅದರ ಮುಂದೆ ತೀರ್ಮಾನ. ಮುಂದೆ ಕೂತು ನೆಲದ ಮೇಲೆ ಅಂಗೈ ಚಾಚಿದರೆ, ಒಪ್ಪಿಗೆಯಿದ್ದರೆ ಕಾಲೆತ್ತಿ ಅಂಗೈ ಮೇಲೆ ಇಡುತ್ತದೆ. ನನ್ನ ದಂಧೆಯಲ್ಲಿ ನನಗಿರುವ ಒಬ್ಬನೇ ಪ್ರತಿಸ್ಪರ್ಧಿ. ಗಿರಾಕಿಗಳು ಮೊದಲು ಅದರ ಹತ್ತಿರ ಹೋಗುತ್ತಾರೆ. ಆಗದಿದ್ದರೆ ನನ್ನ ಹತ್ತಿರ.

"ನಾನು ಬರೋವರ್ಗೂ ಅವ್ರನ್ನ ತಡೀರಿ," ಅಂದೆ.

"ಅದ್ ನಂಗ್ ಬುಡು. ಒಂದ್ ಮಾತು. ಸೊಸೆಗೆ ಏಳ್ಬ್ಯಾಡ."

ಗಾಡಿ ತಿರುಗಿಸಿದೆ. ಕೈಗೆ ಎಷ್ಟು ಬರುತ್ತದೋ ಅಷ್ಟು ಆಕ್ಸಿಲರೇಟರ್ ಕೊಟ್ಟೆ. ಎಕ್ಸೆಲ್ ಗಾಡಿ ನಲವತ್ತು ದಾಟಿತು. ಅದರ ಆಯುಸ್ಸಿನಲ್ಲಿ ಮೊದಲ ಸಲ.

ಬಸಪ್ಪ ಓಡಾಡುವುದು ಟೆಂಪೋದಲ್ಲಿ. ಆ ಟೆಂಪೋವನ್ನು ಹಿಂಬಾಲಿಸುವುದು ಸುಲಭ. ಊರೂರಿನಲ್ಲಿ ಅಡ್ಡ ಹಾಕಿ ಪೂಜೆ ಮಾಡುತ್ತಾರೆ. ರಸ್ತೆಯುದ್ದಕ್ಕೂ ಬಾಳೆಹಣ್ಣಿನ ಸಿಪ್ಪೆ. ಹಣೆಯ ಮೇಲೆ ಹಸಿ ಕುಂಕುಮ ಇರುವವರೆಲ್ಲ ಸಾಕ್ಷಿಗಳು. ದೊಡ್ಡಿಯಲ್ಲಿ ಎಳನೀರಿನವನ ಮುಂದೆ ಗಾಡಿ ನಿಲ್ಲಿಸಿದೆ. ಅವನ ಕುಂಕುಮ ಇನ್ನೂ ಸೋರುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೈ ತೋರಿಸಿದ.

"ಚಿಕ್ಕರಸಿನಕೆರೆ ಕಡೆ. ಗೃಹಪ್ರವೇಶ."

ಫೋನು ಹೊಡೆದುಕೊಂಡಿತು. ಅರ್ಪಿತ.

"ಎಲ್ಲಿದ್ದೀಯೇ? ಅವ್ರು ಮದ್ದೂರಿಗೆ ಬಂದಾಯ್ತು. ಅತ್ತೆ ಯಾಕೋ ನಮ್ಮನೆಯವ್ರಿಗೆ ಫೋನ್ ಮಾಡಿ, ಮೊದ್ಲು ವಡೆ ತಿನ್ಸು, ಆಮೇಲೆ ಸಿವಪುರದ ಧ್ವಜ ಸತ್ಯಾಗ್ರಹದ ಸೌಧ ತೋರ್ಸು, ಅಲ್ಲಿ ಬರ್ದಿರೋ ಎಲ್ಲಾ ಕಲ್ಲೂ ಓದಿ ಏಳು ಅಂತಾವ್ರೆ. ನಮ್ಮನೆಯವ್ರಿಗೆ ಇಂಗ್ಲಿಷೇ ಬರಕಿಲ್ಲ."

"ಓದ್ಲಿ," ಅಂದೆ.

"ಬೆಲ್ಲ ಸಿಗ್ತಾ?"

ನಾನು ಕಟ್ ಮಾಡಿದೆ. ಗೆಳತಿಗೆ ಸುಳ್ಳು ಹೇಳುವುದಕ್ಕೂ ಮಾತು ಬೇಕಾಗುತ್ತದೆ.

ಚಿಕ್ಕರಸಿನಕೆರೆಯ ತಿರುವು ಇನ್ನೂ ಸ್ವಲ್ಪ ದೂರವಿತ್ತು. ರಸ್ತೆ ಪಕ್ಕದ ಹೊಸ ಮನೆಯ ಮುಂದೆ ಟೆಂಪೋ ಕಂಡಿತು. ಶಾಮಿಯಾನ, ಜನ, ತಮಟೆ. ನಡುವೆ ಬಸಪ್ಪ. ಬೆನ್ನ ಮೇಲೆ ರೇಷ್ಮೆ ಹೊದಿಕೆ, ಕೊಂಬಿನ ತುದಿಗೆ ಹಿತ್ತಾಳೆ ಅಣಸು. ಅದರ ಮುಂದೆ ಒಂದು ರಟ್ಟಿನ ಡಬ್ಬ. ಮುಖ ಡಬ್ಬದೊಳಗೆ.

ಗಾಡಿಗೆ ಸ್ಟ್ಯಾಂಡ್ ಹಾಕದೆ ಓಡಿದೆ. ಗಾಡಿ ಬಿತ್ತು.

ಡಬ್ಬದಲ್ಲಿ ಮೂರು ಅಚ್ಚು ಉಳಿದಿದ್ದವು. ಕೈ ಹಾಕಿದೆ.

"ಏಯ್! ಯಾರವ್ವ ನೀನು? ತಗಿ ಕೈಯ."

ಬಸಪ್ಪನನ್ನು ನೋಡಿಕೊಳ್ಳುವ ಸಿದ್ದೇಶ್. ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು. ಸುತ್ತಲೂ ಇಪ್ಪತ್ತು ಜನ ತಿರುಗಿದರು. ಇಪ್ಪತ್ತು ಜೊತೆ ಕಣ್ಣು. ನನ್ನ ನಾಲಿಗೆ ಅಂಟಿಕೊಂಡಿತು.

ಒಂದು ನಿಮಿಷ ಬೇಕಾಯಿತು. "ಇದು... ತಪ್ಪಾಗಿ ಕೊಟ್ಟಿರೋದು. ವಾಪಸ್ ಬೇಕು."

"ಬಸಪ್ಪಂಗೆ ಕೊಟ್ಟಿದ್ದ ವಾಪಸ್ ಕೇಳ್ತೀಯಾ?" ಸಿದ್ದೇಶ್ ಜನರ ಕಡೆ ನೋಡಿದ. ಜನ ನನ್ನ ಕಡೆ ನೋಡಿದರು. "ನಂಗೇನಿಲ್ಲವ್ವ. ಅಪ್ಪನ್ನೇ ಕೇಳು. ಒಪ್ಪುದ್ರೆ ತಗಂಡೋಗು."

ಮಂಡಿಯೂರಿದೆ. ಡಾಂಬರು ಸುಡುತ್ತಿತ್ತು. ಅಂಗೈ ನೆಲದ ಮೇಲಿಟ್ಟೆ.

ಬಸಪ್ಪ ಡಬ್ಬದಿಂದ ಮುಖ ತೆಗೆಯಿತು. ಮೂತಿಗೆಲ್ಲ ಬೆಲ್ಲ. ಕೊಂಬಿನ ತುದಿ ನನ್ನ ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ಅದು ನನ್ನನ್ನು ನೋಡಿತು. ನಾನು ಅದನ್ನು ನೋಡಿದೆ.

ಮೌನ.

ಒಂದು ನಿಮಿಷ ಆಯಿತು. ಎರಡಾಯಿತು. ಅದು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಈ ಜಿಲ್ಲೆಯಲ್ಲಿ ಮೊದಲ ಬಾರಿಗೆ ನನಗೆ ಸರಿಸಮಾನರು ಸಿಕ್ಕಿದ್ದರು. ಗೆದ್ದರೆ ಬೆಲ್ಲ. ಸೋತರೆ ಕೈ ಮೂಳೆ.

ತಮಟೆಯವನು ಹೊಡೆಯುವುದನ್ನು ಮರೆತ.

ಬಸಪ್ಪ ಒಂದು ದೊಡ್ಡ ಉಸಿರು ಬಿಟ್ಟಿತು. ಬಲಗಾಲು ಎತ್ತಿತು... ಅಂಗೈ ಮೇಲೆ ಇಟ್ಟಿತು. ಮದುವೆಮನೆಯಲ್ಲಿ ಎಲೆ ಅಡಿಕೆ ಇಟ್ಟಷ್ಟು ಹಗುರವಾಗಿ.

"ಒಪ್ತು," ಅಂದ ಸಿದ್ದೇಶ್. ಅವನಿಗೂ ಸಿಟ್ಟು ಇಳಿದಿತ್ತು. "ತಗಳವ್ವ. ಅದೇನ್ ಕಷ್ಟವೋ ನಿಂದು."

ಮೂರು ಅಚ್ಚನ್ನು ಗಾಡಿಯ ಮುಂದಿನ ಬುಟ್ಟಿಗೆ ಹಾಕಿದೆ. ಗಾಡಿ ಎತ್ತಿದೆ. ಹೊರಟೆ.

ಇನ್ನೂರು ಗಜ ಹೋಗಿರಬೇಕು. ಹಿಂದಿನಿಂದ ಗೆಜ್ಜೆ ಸದ್ದು.

ತಿರುಗಿ ನೋಡಿದೆ.

ಬಸಪ್ಪ ಓಡಿ ಬರುತ್ತಿತ್ತು. ಕೊಡುವುದಕ್ಕೆ ಒಪ್ಪಿತ್ತು. ಅಗಲುವುದಕ್ಕೆ ಒಪ್ಪಿರಲಿಲ್ಲ.

ಅದರ ಹಿಂದೆ ಸಿದ್ದೇಶ್. ಅವನ ಹಿಂದೆ ಖಾಲಿ ಟೆಂಪೋ. ಟೆಂಪೋದ ಹಿಂದೆ ಗೃಹಪ್ರವೇಶದವರು, ಏಕೆಂದರೆ ಬಸಪ್ಪ ಇನ್ನೂ ಮನೆಯೊಳಗೆ ಕಾಲಿಟ್ಟಿರಲಿಲ್ಲ.

"ಜೋರಾಗ್ ಓಡ್ಸಬ್ಯಾಡ ಕಣವ್ವಾ... ಅಪ್ಪಂಗೆ ಆಯಾಸ ಆಯ್ತದೆ," ಸಿದ್ದೇಶ್ ಕೂಗುತ್ತಿದ್ದ.

ನಾನು ಜೋರಾಗಿ ಓಡಿಸಿದೆ. ದೊಡ್ಡಿಯ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳ ಸಾಲು. ಮುಂದೆ ದಾರಿಯಿಲ್ಲ. ಎಡಕ್ಕೆ ಚರಂಡಿ, ಬಲಕ್ಕೆ ಬಸ್ಸು. ನಾನು ಬ್ರೇಕ್ ಹಿಡಿದೆ. ಭುಜದ ಮೇಲೆ ಬಿಸಿ ಉಸಿರು ಬಿತ್ತು. ಒಂದು ಉದ್ದನೆಯ ನಾಲಿಗೆ ನನ್ನ ಕೈ ದಾಟಿ ಬುಟ್ಟಿಗೆ ಇಳಿಯಿತು. ಮೇಲೆ ಬಂದಾಗ ಅದರಲ್ಲಿ ಒಂದು ಅಚ್ಚಿತ್ತು.

ಉಳಿದದ್ದು ಎರಡು.

ಎರಡನ್ನೂ ದುಪಟ್ಟಾದಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡೆ. ಟ್ರ್ಯಾಕ್ಟರಿನ ಸಂದಿಯಲ್ಲಿ ಗಾಡಿ ನುಗ್ಗಿಸಿದೆ. ಬಸ್ಸಿನ ಡ್ರೈವರ್ ನನ್ನ ವಂಶವನ್ನೆಲ್ಲ ನೆನೆದ. ಹಿಂದೆ ಬಸಪ್ಪ ಕಂಡದ್ದೇ ಎದ್ದು ಕೈ ಮುಗಿದ.

ಆಲೆಮನೆ ತಲುಪಿದಾಗ ಹನ್ನೆರಡಕ್ಕೆ ಐದು ನಿಮಿಷ. ಕಾರು ಆಗಲೇ ಬಂದು ನಿಂತಿತ್ತು.

ಶಿವಪುರದಲ್ಲಿ ಎಲ್ಲ ಕಲ್ಲೂ ಓದಿ ಮುಗಿದಿತ್ತು.

ಒಳಗೆ ಹೋದೆ. ಯಾರೂ ಮಾತಾಡುತ್ತಿರಲಿಲ್ಲ. ಒಳ್ಳೆಯ ಮೌನ, ಕೆಟ್ಟ ಮೌನ ಯಾವುದು ಅಂತ ನನಗೆ ಗೊತ್ತಾಗುತ್ತದೆ. ಇದು ಕೆಟ್ಟದ್ದು.

ಕೊಪ್ಪರಿಗೆಯ ಪಕ್ಕ ಮೇಜು. ಮೇಜಿನ ಮೇಲೆ ಹಾರ ಹಾಕಿಸಿಕೊಂಡ ಹಳದಿ ಬೆಲ್ಲ. ಅದರ ಮುಂದೆ ಗಿಡ್ಡನೆಯ, ಅರವತ್ತರ ಒಬ್ಬ ಹೆಂಗಸು. ಬಿಳಿ ಜಡೆ. ಮುಂಗೈ ಮೇಲೆಲ್ಲ ಸುಟ್ಟ ಕಲೆ. ಕುದಿಯುವ ಪಾಕ ಸಿಡಿದ ಕಲೆ. ಇಂದ್ರಮ್ಮನ ಕೈ ಮೇಲೂ ಅವೇ ಇವೆ. ಕೊಲಂಬಿಯಾದ ಅತಿಥಿ ಇವರೇ, ಹೆಸರು ಮಾರ್ತಾ.

ಅವರ ಕೈಯಲ್ಲಿ ಕಾಗದದ ಪಟ್ಟಿ.

ಕೆಂಪು.

ಜಯಪ್ರಕಾಶ ತನ್ನ ಶೂ ನೋಡಿಕೊಳ್ಳುತ್ತಿದ್ದ. ಅರ್ಪಿತ ಗೋಡೆಗೆ ಒರಗಿದ್ದಳು. ಎಂಟು ತಿಂಗಳ ಸ್ಪ್ಯಾನಿಷ್ ಗಂಟಲಲ್ಲೇ ನಿಂತಿತ್ತು. ಮಾರ್ತಾ ತಮ್ಮ ಚೀಲದ ಜಿಪ್ ಎಳೆಯುತ್ತಿದ್ದರು.

ನಾನು ದುಪಟ್ಟಾ ಬಿಚ್ಚಿ ಎರಡು ಕರಿ ಅಚ್ಚನ್ನು ಮೇಜಿನ ಮೇಲಿಟ್ಟೆ. ಬುಡ ಮೇಲೆ ಮಾಡಿ ತೋರಿಸಿದೆ. ಅಚ್ಚಿನಲ್ಲೇ ಕೊರೆದ ಗುರುತು: ೭.

ಎಲ್ಲರೂ ನನ್ನನ್ನು ನೋಡಿದರು. ಹೇಳಬೇಕಾದ್ದು ಒಂದೇ ಮಾತು. ಆದರೆ ಅದು ನನ್ನ ಮಾತಲ್ಲ. ನಾನು ಹೇಳಿದರೆ ಚಾಡಿ. ಅದನ್ನು ಯಾರು ಹೇಳಬೇಕೋ ಅವರನ್ನೇ ನೋಡಿದೆ.

ಇಂದ್ರಮ್ಮ ಸೂರು ನೋಡಿದರು. ಕೊಪ್ಪರಿಗೆ ನೋಡಿದರು. ಬಾಗಿಲು ನೋಡಿದರು.

ಬಾಗಿಲಲ್ಲಿ ಬಸಪ್ಪ ನಿಂತಿತ್ತು. ಅದೂ ಅವರನ್ನೇ ನೋಡುತ್ತಿತ್ತು.

ಎರಡು ಕಡೆಯಿಂದ ಮೌನ. ಯಾವ ಮಂಡ್ಯದ ಹೆಂಗಸೂ ಅದನ್ನು ತಡೆಯಲಾರಳು.

"ಆಯ್ತು ಕಣ್ರವ್ವ, ನಾನೇ," ಅಂದರು ಇಂದ್ರಮ್ಮ. "ಹಳದೀದು ನಮ್ದಲ್ಲ. ಮಂಡಿಯಿಂದ ತರಿಸ್ದೆ. ನಮ್ದು ಕರ್ರಗೈತೆ ಅಂತ ನಾಚ್ಕೆ ಆಯ್ತು. ದನಕ್ಕೆ... ಅಲ್ಲ, ಬಸಪ್ಪಂಗೆ ಕೊಟ್ಬುಟ್ಟೆ. ನಮ್ ಅರ್ಪಿತಂಗೆ ಏನೂ ಗೊತ್ತಿಲ್ಲ. ಅವ್ಳ ಸೀಟ್ ಕಿತ್ಕಬ್ಯಾಡಿ. ಬೇಕಾದ್ರೆ ನನ್ನ ಸಂಗದಿಂದ ತಗ್ದಾಕಿ."

ಅರ್ಪಿತ ಅತ್ತೆಯನ್ನು ನೋಡಿದಳು. ಆಮೇಲೆ ಮಾರ್ತಾ ಕಡೆ ತಿರುಗಿದಳು. ಅವಳ ಫೋನಿನ ಪಾಠದಲ್ಲಿ ‘ಸೇಬು ಮೇಜಿನ ಮೇಲಿದೆ’ ಇತ್ತು. ‘ನನ್ನ ಅತ್ತೆ ನಾಚಿಕೊಂಡು ಬೆಲ್ಲವನ್ನು ದೇವರ ಬಸವನಿಗೆ ತಿನ್ನಿಸಿದರು’ ಇರಲಿಲ್ಲ. ಕೈ, ಕಣ್ಣು, ಕೊಂಬು ಎಲ್ಲ ಬಳಸಿ ಹೇಳಿದಳು. ನಡುವೆ ಒಂದು ಸಲ ಅಂಬಾ ಅಂದಳು.

ಮಾರ್ತಾ ಇಂದ್ರಮ್ಮನನ್ನು ನೋಡಿದರು. ಬಸಪ್ಪನನ್ನು ನೋಡಿದರು. ಅದರ ಮೂತಿಯ ಮೇಲಿನ ಬೆಲ್ಲ ನೋಡಿದರು.

ನಕ್ಕರು. ನಗುತ್ತಾ ನಗುತ್ತಾ ಕೊಪ್ಪರಿಗೆಯ ಕಟ್ಟೆ ಮೇಲೆ ಕೂತುಬಿಟ್ಟರು. ಆಮೇಲೆ ಏನೋ ಹೇಳಿದರು, ಉದ್ದಕ್ಕೆ.

"ಅವ್ರ ಅವ್ವನೂ ಹಂಗೇ ಅಂತೆ," ಅರ್ಪಿತ ಒಂದೊಂದೇ ಪದ ಹೆಕ್ಕಿ ಹೇಳಿದಳು. "ಪೇಟೆಯಿಂದ ನೆಂಟ್ರು ಬಂದ್ರೆ ಪನೇಲನ ಮಂಚದ ಕೆಳಗೆ ಬಚ್ಚಿಡೋರಂತೆ. ಪಕ್ಕದ್ಮನೆಯಿಂದ ಬಿಳೀ ಸಕ್ಕರೆ ಇಸ್ಕೊಂಡು ಬಂದು ಮುಂದೆ ಇಡೋರಂತೆ."

"ನೋಡ್ದಾ?" ಇಂದ್ರಮ್ಮ ನನ್ನ ಕಡೆ ತಿರುಗಿದರು. "ಅಲ್ಲೂ ಮರ್ವಾದಸ್ಥರು ಅವ್ರೆ."

ಮಾರ್ತಾ ಕರಿ ಅಚ್ಚಿನಿಂದ ಒಂದು ಚೂರು ಮುರಿದರು. ನೀರಿಗೆ ಹಾಕಿದರು. ಹೊಸ ಪಟ್ಟಿ ಅದ್ದಿದರು. ಎಲ್ಲರೂ ಬಗ್ಗಿದೆವು. ಅರ್ಪಿತ ಕಣ್ಣು ಮುಚ್ಚಿಕೊಂಡು ನನ್ನ ಮೊಣಕೈ ಹಿಡಿದಳು. ಉಗುರು ಇಳಿಯಿತು.

ಬಿಳಿ.

ಇನ್ನೂ ಕಾದರು.

ಬಿಳಿಯೇ.

ಅಷ್ಟರಲ್ಲಿ ಬಸಪ್ಪ ಒಳಗೆ ಬಂದು ಹಳದಿ ಬೆಲ್ಲದ ಮೇಲಿದ್ದ ಹೂವಿನ ಹಾರ ತಿಂದಿತು. ಬೆಲ್ಲ ಮುಟ್ಟಲಿಲ್ಲ.

"ನೋಡುದ್ರಾ? ಅಪ್ಪಂಗೆ ಎಲ್ಲಾ ಗೊತ್ತಾಯ್ತದೆ," ಅಂದ ಸಿದ್ದೇಶ್, ಏದುಸಿರು ಬಿಡುತ್ತಾ.

ಹತ್ತು ಅಚ್ಚು ತಿಂದ ಮೇಲೆ ನಾನೂ ಮುಟ್ಟುತ್ತಿರಲಿಲ್ಲ. ಆದರೆ ಅದನ್ನು ಹೇಳಲಿಲ್ಲ.

ಸಹಿ ಆಯಿತು. ಫೋಟೋ ಆಯಿತು. ನಾನು ಯಾರದೋ ಹಿಂದೆ ನಿಂತಿದ್ದೆ. ಕೇಸು ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ.

ಮಾರ್ತಾ ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಕಿರಿದು ಮಾಡಿದರು. ಪಾಕವನ್ನು ಯಾವುದರಿಂದ ತಿಳಿ ಮಾಡಿದ್ದು ಅಂತ ಕೇಳಿದರು. ಇಂದ್ರಮ್ಮ ಹಿತ್ತಿಲಿಗೆ ಹೋಗಿ ಬೆಂಡೆ ಗಿಡದ ಕಾಂಡ ಕಿತ್ತು ತಂದು, ಜಜ್ಜಿ, ನೀರಲ್ಲಿ ಹಿಂಡಿ ಲೋಳೆ ತೆಗೆದು ತೋರಿಸಿದರು. ಮಾರ್ತಾ ತಮ್ಮ ಫೋನಿನಲ್ಲಿ ಅವರ ಕಡೆಯ ಯಾವುದೋ ಮರದ ತೊಗಟೆಯ ಫೋಟೋ ತೋರಿಸಿದರು. ಅದರಿಂದಲೂ ಲೋಳೆ. ಇಬ್ಬರೂ ಬಕೆಟ್ಟಿಗೆ ಮೊಣಕೈವರೆಗೆ ಕೈ ಹಾಕಿ ಕೂತರು. ಒಬ್ಬರು ಸ್ಪ್ಯಾನಿಷ್, ಒಬ್ಬರು ಮಂಡ್ಯ. ಅರ್ಧ ಗಂಟೆ ಮಾತಾಡಿದರು. ಅರ್ಪಿತಳನ್ನು ಯಾರೂ ಕರೆಯಲೇ ಇಲ್ಲ.

ಕೊನೆಗೆ ಮಾರ್ತಾ ಎದ್ದು, ಕೈ ಒರೆಸಿಕೊಂಡು, ಅರ್ಪಿತಳಿಗೆ ಎರಡು ಮಾತು ಹೇಳಿದರು.

ಅರ್ಪಿತಳ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು. ಹೋಗಲೂ ಇಲ್ಲ. ಬರಲೂ ಇಲ್ಲ.

"ಏನಂತವ್ವ?" ಇಂದ್ರಮ್ಮ ಕೇಳಿದರು.

"ಕಲಿಯೋರು ಒಬ್ರು ಬಂದ್ರೆ ಸಾಲ್ದಂತೆ," ಅಂದಳು ಅರ್ಪಿತ. "ಅವ್ರ ಶಾಲೆಗೆ ಕಲ್ಸೋರೂ ಬೇಕಂತೆ. ಏಳನೇ ನಂಬರ್ ಪಾಕ ಕಾಯ್ಸಿದ್ದು ಯಾರೋ ಅವ್ರೇ ಬರ್ಬೇಕಂತೆ."

"ನಾನಾ?"

"ಆರು ತಿಂಗ್ಳು." ಅತ್ತೆಯ ಕಡೆ ತಿರುಗಿದಳು. "ನಮ್ಮಿಬ್ರಿಗೂ ಒಂದೇ ರೂಮಂತೆ ಅತ್ತೆ."

ಇಂದ್ರಮ್ಮ ಕೈ ಒರೆಸಿಕೊಂಡರು. ಸೆರಗು ಸರಿಮಾಡಿಕೊಂಡರು.

"ಅಲ್ಲಿ ರಾಗಿ ಸಿಕ್ಕದಾ ಕೇಳವ್ವ," ಅಂದರು. "ಅರ್ಪಿತಾ, ಆಯಮ್ಮಂಗೆ ಕಾಪಿ."

ಒಂದೂವರೆ ತಿಂಗಳಾಯಿತು. ನಿನ್ನೆ ಅರ್ಪಿತ ಅಂಗಡಿಗೆ ಬಂದಿದ್ದಳು. ಎರಡು ಪಾಸ್‌ಪೋರ್ಟು ಜೆರಾಕ್ಸ್ ಆಗಬೇಕಿತ್ತು. ಒಂದು ಅವಳದು. ಇನ್ನೊಂದು ಹೊಚ್ಚ ಹೊಸದು. ಫೋಟೋದಲ್ಲಿ ಇಂದ್ರಮ್ಮ ಕ್ಯಾಮೆರಾವನ್ನೇ ಗದರಿಸುವ ಹಾಗೆ ನೋಡುತ್ತಿದ್ದರು.

ಅರ್ಪಿತ ಕೌಂಟರಿನ ಮೇಲೆ ಬಗ್ಗಿದಳು. ದನಿ ಇಳಿಸಿದಳು.

"ಮಂಜು... ಈ ಹೊಸದು ಎಲ್ಲಾದ್ರೂ ಕಳೆದ್ಹೋದ್ರೆ, ನೀನು ಹುಡುಕ್ಕೊಡ್ತೀಯಾ?"

ನಾನು ಅವಳನ್ನು ನೋಡಿದೆ. ಸುಮ್ಮನೆ ನೋಡಿದೆ.

"ಸುಮ್ನೆ ಕೇಳ್ದೆ ಕಣೇ," ಅಂದಳು. "ಅತ್ತೆ ಒಳ್ಳೇವ್ರೇ. ಒಳ್ಳೇವ್ರೇ ಕಣೇ. ಆದ್ರೂ... ಏನಾದ್ರೂ ಹೇಳೇ."

ಎರಡೂ ಪಾಸ್‌ಪೋರ್ಟನ್ನು ಕವರಿಗೆ ಹಾಕಿ ಅವಳ ಕೈಗೆ ಕೊಟ್ಟೆ.

"ಹುಡುಕ್ಕೊಡ್ತೀನಿ," ಅಂದೆ. "ಆರು ತಿಂಗಳು ಹಿಡೀತದೆ."